ತಾಯಿ ಗೊತ್ತಿಲ್ಲದ ಟಗರುಗಳು

"ಮರಿಯ ನಂಬರ್ ಒತ್ತಿದ್ರೆ ಅದರ ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಫೋನಲ್ಲಿ ಬರಬೇಕು. ಅಷ್ಟೇ," ಎಂದಳು ಕುರಿದೊಡ್ಡಿಯ ಒಡತಿ.

ತಳಿಗೆಂದು ಟಗರು ಬೆಳೆಸಿ ಮಾರುವವಳು ಅವಳು. ವಂಶ ತೋರಿಸಿದರೆ ಬೀಜದ ಟಗರು. ಇಲ್ಲದಿದ್ದರೆ ಬರೀ ಮಾಂಸ. ಬಾಯಿಮಾತನ್ನು ಯಾವ ಗಿರಾಕಿಯೂ ನಂಬುವುದಿಲ್ಲ.

ಆ್ಯಪ್ ಮಾಡಿಕೊಡಲು ಬಂದವನು ಅವಳ ಕೂದಲಿಗೆ ಸಿಕ್ಕಿಕೊಂಡಿದ್ದ ಹುಲ್ಲೆಳೆಯನ್ನೇ ನೋಡುತ್ತಿದ್ದ.

"ಎರಡು ದಾರಿ ಇದೆ ಮೇಡಂ. ಫೋನಿನೊಳಗೇ ಒಂದು ಸಣ್ಣ ಜಾಗ ಇರುತ್ತೆ, ಎಲ್ಲಾನೂ ಒಂದೇ ಗಂಟು ಕಟ್ಟಿ ಅಲ್ಲಿಡಬಹುದು. ಇಲ್ಲಾಂದ್ರೆ ಡೇಟಾಬೇಸ್. ಕುರಿಗೊಂದು ಸಾಲು, ತಾಯಿಗೂ ಮರಿಗೂ ಕೊಂಡಿ. ಯಾವುದು ಬೇಕು?"

"ಕುರೀನ ಕೇಳಿ ಮಸಾಲೆ ಅರೀತಾರಾ, ಇಂಜಿನಿಯರ್ ಸಾಹೇಬ್ರೇ?" ಓರೆಗಣ್ಣಲ್ಲಿ ನಕ್ಕಳು. "ಯಾವುದು ಒಳ್ಳೇದೋ ಅದು."

ಆ ನಗುವಿಗೆ ಅವನ ಬುದ್ಧಿ ಜಾರಿತು. ಡೇಟಾಬೇಸ್ ಕಟ್ಟಿಕೊಟ್ಟರೆ ಅದರ ಪಾಡಿಗೆ ಅದು ನಡೆಯುತ್ತದೆ; ಮತ್ತೆ ಇಲ್ಲಿಗೆ ಬರಲು ನೆಪವೆಲ್ಲಿ? ಗಂಟನ್ನೇ ಕಟ್ಟಿದ.

ಗಂಟು ದಪ್ಪವಾದಂತೆ ಫೋನು ತಡವರಿಸತೊಡಗಿತು. "ಮತ್ತೆ ಮುನಿಸ್ಕೊಂಡಿದೆ, ಬನ್ನಿ," ಎಂದು ಅವಳು ಕರೆಯುವಳು. ಅವನು ಬಂದು ಬೇಲಿಗೊರಗಿ ಏನೋ ಒತ್ತುತ್ತ ಕೂರುವನು.

"ಫೋನಿಗಿಂತ ನೀವೇ ಜಾಸ್ತಿ ತಡವರಿಸ್ತೀರಲ್ರೀ!"

ಅವನ ಕಿವಿ ಕೆಂಪಾಗುತ್ತಿತ್ತು. ಗೋಡೆಯ ಕರಿಹಲಗೆಯ ಮೇಲೆ ಮೂರು ತಲೆಮಾರಿನ ಕುರಿಗಳ ವಂಶವಿತ್ತು. ಇನ್ನದೇಕೆ ಎಂದು ಒಂದು ದಿನ ಅವಳೇ ಒದ್ದೆ ಬಟ್ಟೆಯಿಂದ ಒರೆಸಿಹಾಕಿದಳು. ಬೇಡ ಅನ್ನಬೇಕಾದವನು ಅವಳ ಮುಂಗೈ ನೋಡುತ್ತ ನಿಂತ.

ಆಮೇಲೊಂದು ಸಂಜೆ, ಹೊಸ ಮರಿಯನ್ನು ಸೇರಿಸುತ್ತಿರುವಾಗಲೇ ಫೋನು ಆರಿಹೋಯಿತು. ಹೊತ್ತಿಸಿ ನೋಡಿದರೆ ಗಂಟು ಅರ್ಧಕ್ಕೇ ತುಂಡಾಗಿತ್ತು. ಅವನು ಎಷ್ಟು ಹೆಣಗಿದರೂ ಒಂದು ಕುರಿಯೂ ಹೊರಬರಲಿಲ್ಲ.

"ಅದೇ, ಡೇಟಾಬೇಸ್ ಅಂದ್ರಲ್ಲ, ಅದಾಗಿದ್ರೆ?"

"ಆ ಮರಿ ಒಂದೇ ಹೋಗ್ತಿತ್ತು. ಉಳಿದವೆಲ್ಲ ಇರ್ತಿದ್ವು."

"ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು. ಅದು ಕೆಟ್ರೆ ತಾನೆ ನೀವು ಕರೆಯೋದು? ನಿಮ್ಮನ್ನ ನೋಡ್ದೆ ಇರೋಕೆ ಆಗ್ತಿರ್ಲಿಲ್ಲ."

ಅವಳು ಫೋನನ್ನು ಅವನ ಕೈಯಿಂದ ತೆಗೆದುಕೊಂಡಳು.

"ಸುಮ್ನೆ ಬಂದು ಬಾಗಿಲಲ್ಲಿ ನಿಂತಿದ್ರೂ ಒಳಗೆ ಕರೀತಿದ್ದೆ. ನಿಮ್ಮ ವಿಷಯ ಅಣ್ಣನ ಕಿವಿಗೂ ಹಾಕಿದ್ದೆ. ಈಗ ಹೊರಡಿ."

ವಾರ ಕಳೆದು ಫೋನ್ ಮಾಡಿ "ಬನ್ನಿ" ಎಂದಷ್ಟೇ ಅಂದಳು. ಕ್ಷಮಿಸಿದಳೆಂದುಕೊಂಡು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಓಡಿಬಂದ.

ದೊಡ್ಡಿಯ ಮುಂದೆ ಕಟುಕನ ಲಾರಿ ನಿಂತಿತ್ತು. ಅವಳು ದೊಡ್ಡ ಟಗರಿನ ಹಗ್ಗವನ್ನು ಓಡಿಬಂದವನ ಕೈಗೆ ಕೊಟ್ಟಳು.

"ಇದು ನನ್ನ ಕೈಯಲ್ಲಿ ಬಾಟಲಿ ಹಾಲು ಕುಡಿದು ಬೆಳೆದಿದ್ದು. ನಾನು ಎಳೆದ್ರೆ ಆಟ ಅಂದ್ಕೊಂಡು ಮುಖ ನೋಡುತ್ತೆ. ನೀವೇ ಹತ್ತಿಸಿ."

ಅವನು ಎಳೆದ. ಟಗರು ತಿರುತಿರುಗಿ ಅವಳತ್ತ ನೋಡಿ ಕೂಗಿತು. ಕೊನೆಯದು ಹತ್ತುವವರೆಗೂ ಅವಳು ಒಂದೊಂದೇ ಹಗ್ಗವನ್ನು ಅವನ ಕೈಗೆ ಕೊಡುತ್ತಲೇ ಇದ್ದಳು.