ಸತ್ತವನು ಕೊಂಡ ಬಿಸಿ ಬ್ರೆಡ್ಡು

ಸಂಜೆ ಐದು ಗಂಟೆ ಬಾರಿಸಿ ಗೋಪುರದಿಂದ ಇಳಿದ ನನ್ನ ತಮ್ಮ ಚೆಂತೆ, ಇಗರ್ಜಿಯ ಬಾಗಿಲಲ್ಲೇ ಕಿರುಚಿಕೊಂಡ. ಇಗರ್ಜಿ ನೋಡಿಕೊಳ್ಳುತ್ತಿದ್ದ ಮುದುಕ ದೋನ್ ಎವೆನ್ಸಿಯೊ ತಲೆಯೊಡೆದು ಬಿದ್ದಿದ್ದ. ಮಾತೆಯ ಬೆಳ್ಳಿ ಕಿರೀಟ ಮಾಯ! ಒಳಗಿದ್ದವನು ಚೆಂತೆಯೊಬ್ಬನೇ. ಜಿಲ್ಲೆಯ ಪೊಲೀಸ್ ಲಾರಿ ಒಯ್ದರೆ ಅವನು ಮತ್ತೆ ಮನೆಗೆ ಬರುವುದಿಲ್ಲ. ಈ ವರ್ಷ ಊರ ಕಾವಲಿನ ಸರದಿ ನನ್ನದು. ತಮ್ಮನ ಕೈಗೆ ಹಗ್ಗ ಬಿಗಿಯುವ ಕರ್ಮವೂ ನನಗೇ ಬಂತು.

ಹೆಣದ ಚೀಲದಲ್ಲಿದ್ದ ಬ್ರೆಡ್ಡು ಆಗ ಇನ್ನೂ ಬೆಚ್ಚಗಿತ್ತು.

ಶವದ ಜಾಗರಣೆಗೆಂದು ಕೆಳಗಿನ ಪೇಟೆಯಿಂದ ಬಂದ ಬೇಕರಿಯ ಚೋನಾ ಅದನ್ನು ನೋಡಿ ಬಿಳಿಚಿಕೊಂಡಳು.

“ಇದು ನನ್ನ ಬ್ರೆಡ್ಡು! ಐದೂವರೆಗೆ ಇವರೇ ಬಂದು ತಗೊಂಡ್ರು!”

“ಐದಕ್ಕೇ ಸತ್ತಿದ್ರಲ್ಲೇ?” ಎಂದೆ.

“ಪೇಟೆ ಗಡಿಯಾರ ನೋಡೇ ಹೇಳ್ತಿದೀನಿ! ನಿಮ್ಮೂರ ಅಂಗಡಿ ಲಿಬೋರಿಯೊನೂ ಪಕ್ಕದಲ್ಲೇ ಇದ್ದ, ಕೇಳಿ!”

ಲಿಬೋರಿಯೊ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ. “ಹೌದು, ದೇವರಾಣೆ. ಮಾತೂ ಆಡಿಸ್ದೆ.”

ನಾನೂ ಶಿಲುಬೆ ಗುರುತು ಹಾಕಿಕೊಂಡೆ. ಹಿಂದಿನ ರಾತ್ರಿಯಷ್ಟೇ ಸರ್ಕಾರ ದೇಶದ ಗಡಿಯಾರಗಳನ್ನೆಲ್ಲ ಮುಂದಕ್ಕೆ ತಿರುಗಿಸಿ ಒಂದು ಗಂಟೆ ಕಿತ್ತುಕೊಂಡಿತ್ತು. ನಮ್ಮೂರ ಸಭೆ ಒಪ್ಪಿರಲಿಲ್ಲ—ನಮಗೆ ದೇವರ ಗಂಟೆಯೇ ಸಾಕು, ಸರ್ಕಾರದ ಗಂಟೆಯ ಹೆಸರೆತ್ತಿದವನಿಗೆ ದಂಡ!

“ಕಾಲಕ್ಕೇ ತೂತು ಬಿದ್ದಿದೆ ಕಣ್ರೋ!” ಎಂದು ಅಜ್ಜಿಯೊಬ್ಬಳು ಎದೆ ಬಡಿದುಕೊಂಡಳು. “ಸತ್ತೋರು ಅದರೊಳಗೇ ಹಿಂದೆ ಮುಂದೆ ಓಡಾಡ್ತಾರೆ!”

ಇನ್ನೂ ಬಾರದ ಹೊತ್ತಿನಿಂದ ಹೆಣ ಬ್ರೆಡ್ಡು ತಂದಿತ್ತೆ? ಎಲ್ಲರೂ ಗೋಡೆಗೆ ಒತ್ತಿ ನಿಂತರು. ಹೆಣದ ಹತ್ತಿರ ಯಾರೂ ಇಲ್ಲ.

ಊರ ತಕರಾರು ವಿಚಾರಿಸುವ ದೋನ್ ಹೆರ್ಮಿಲೊ ಮಾತ್ರ ಮುಂದೆ ಬಂದು, ಆ ಬ್ರೆಡ್ಡನ್ನೇ ಮುರಿದು ಬಾಯಿಗೆ ಹಾಕಿಕೊಂಡ. ಅಯ್ಯೋ ದೇವರೇ!

“ದಂಡ ನಾನೇ ಕಟ್ತೀನಿ,” ಎಂದ ಅಗಿಯುತ್ತಾ. “ಪೇಟೇಲಿರೋದು ಸರ್ಕಾರದ ಗಂಟೆ. ಅವರ ಐದೂವರೆ ನಮಗೆ ನಾಲ್ಕೂವರೆ. ಎವೆನ್ಸಿಯೊ ಬ್ರೆಡ್ಡು ಕೊಂಡ, ಅರ್ಧ ಗಂಟೆ ಗುಡ್ಡ ಹತ್ತಿದ, ಇಲ್ಲಿ ಸತ್ತ. ಅಷ್ಟೇ.”

ಎಲ್ಲರೂ ಉಸಿರು ಬಿಟ್ಟರು.

“ತಡೀರಿ,” ಎಂದ ಹೆರ್ಮಿಲೊ. “ಸತ್ತವನೇ ಅಷ್ಟರಲ್ಲಿ ಹತ್ತಿ ಬಂದ ಅಂದ್ಮೇಲೆ—ಅವನ ಪಕ್ಕ ನಿಂತಿದ್ದ ಬದುಕಿರೋನು ಬರಕ್ಕಾಗಲ್ವ?”

ಲಿಬೋರಿಯೊ ಬೆವೆತ. “ನನಗೇನು ಗೊತ್ತು ಸ್ವಾಮಿ? ನಾನೂ ನಮ್ಮ ಗಂಟೆ ಅಂದ್ಕೊಂಡೆ!”

“ಹೌದಾ? ಅಂಗಿ ತೋಳು ಮಡಚು.”

ಅವನು ತೋಳನ್ನು ಇನ್ನಷ್ಟು ಕೆಳಗೆಳೆದುಕೊಂಡ. ನಾನೇ ಹಾರಿ ಮೇಲೆ ಸರಿಸಿದೆ. ಗೋಪುರದ ಗಡಿಯಾರದಲ್ಲಿ ಏಳು. ಅವನ ಕೈಗಡಿಯಾರದಲ್ಲಿ ಎಂಟು!

“ಆ ಗಂಟೆ ಇಲ್ಲವೇ ಇಲ್ಲ ಅಂದ್ಕೊಂಡು ನಾವು ಅದನ್ನ ಮರೆತ್ವಿ,” ಎಂದ ಹೆರ್ಮಿಲೊ. “ನೀನು ಕೈಗೆ ಕಟ್ಕೊಂಡೇ ತಿರುಗ್ತಿದ್ದೆ. ಕಿರೀಟ ಕದಿಯೋವಾಗ ಮುದುಕ ಕಂಡ, ಹೊಡೆದೆ. ಆಮೇಲೆ ಚೋನಾ ಐದೂವರೆ ಅಂದಾಗ ಹೂಂ ಅಂದು, ನಾವು ದೆವ್ವ ಅಂತ ನಡುಗೋದನ್ನ ನೋಡ್ತಾ ನಿಂತೆ. ಸತ್ತವನಿಗೆ ಹೆದರಿದೋರು ನಿನ್ನ ಕಡೆ ತಿರುಗ್ಲೇ ಇಲ್ಲ.”

ಕಿರೀಟ ಅವನ ಅಂಗಡಿಯ ಜೋಳದ ಮೂಟೆಯಲ್ಲೇ ಸಿಕ್ಕಿತು. ನಾನು ಚೆಂತೆಯ ಹಗ್ಗ ಬಿಚ್ಚಿದೆ.

ಅವನು ಮಣಿಕಟ್ಟು ಉಜ್ಜಿಕೊಳ್ಳುತ್ತಾ ಗೋಪುರ ನೋಡಿದ. “ಆರೂ ಬಾರಿಸಿಲ್ಲ, ಏಳೂ ಬಾರಿಸಿಲ್ಲ. ಈಗ ಎಷ್ಟು ಬಾರಿಸ್ಲಿ?”

“ಎಣಿಸ್ಬೇಡ ಮಗಾ,” ಎಂದ ಹೆರ್ಮಿಲೊ. “ಎವೆನ್ಸಿಯೊಗೆ ಇನ್ನೂ ಯಾರೂ ಸಾವಿನ ಗಂಟೆ ಬಾರಿಸಿಲ್ಲ.”

ಚೆಂತೆ ಮೆಟ್ಟಿಲೇರಿದ. ಮೊದಲ ಸದ್ದಿಗೆ ಅಜ್ಜಿ ಗೋಡೆ ಬಿಟ್ಟು ಬಂದು ಹೆಣದ ಪಕ್ಕ ಕೂತಳು.