ಕಳ್ಳನಿಗೆ ಬಂದ ಮುಖ

ಬೆಳಗಾವಿ ಪೇಟೆಯ ಅಂಗಡಿಯೊಂದರ ಗಾಜಿನಾಚೆ ಪರದೆಯ ಮೇಲೆ ‘ಕರಿಕೋಟೆ’ ಎಂಬ ಕಂಪ್ಯೂಟರ್ ಆಟ ಓಡುತ್ತಿತ್ತು. ಶಾಲಾ ಬಸ್ಸಿನ ಚಾಲಕ ಶ್ರೀಪಾಲ ಉಪಾಧ್ಯೆ ಜನರ ಹಿಂದೆ ನಿಂತು ನೋಡಿದ. ಅವನು ಹುಡುಗನಾಗಿದ್ದಾಗ ಆಡಿದ್ದ ಆಟವದು. ಆಗ ಅದರ ಮರಗಳು ಬರೀ ಹಸಿರು ಚೌಕಗಳು, ಹೊಳೆ ಒಂದು ನೀಲಿ ಪಟ್ಟಿ. ಈಗ ಅಂಗಡಿಯವರು ಕಂಪ್ಯೂಟರಿಗೆ ಹಾಕಿದ್ದ ‘ಚಿತ್ರಪೂರಕ’ ಎಂಬ ಹೊಸ ಗ್ರಾಫಿಕ್ಸ್ ಕಾರ್ಡ್ ಹಳೆಯ ಆಟವನ್ನು ತಡೆಯಿಲ್ಲದೆ ಓಡಿಸುವುದಷ್ಟೇ ಅಲ್ಲದೆ, ಚಿತ್ರದಲ್ಲಿ ಇಲ್ಲದ್ದನ್ನೂ ಊಹಿಸಿ ತುಂಬುತ್ತಿತ್ತು. ಎಲೆಗಳಲ್ಲಿ ನರ ಮೂಡಿದ್ದವು, ನೀರಿನಲ್ಲಿ ಮೋಡ ತೇಲುತ್ತಿತ್ತು.

ಮಕ್ಕಳನ್ನು ಕದ್ದೊಯ್ಯುವ ಕಳ್ಳ ಕೋಟೆಯ ಬಾಗಿಲಿಗೆ ಬಂದ. ಹಿಂದೆ ಅವನ ಮುಖವೆಂದರೆ ನಾಲ್ಕಾರು ಕಂದು ಚುಕ್ಕೆ. ಈಗ ಅಲ್ಲಿದ್ದದ್ದು ಶ್ರೀಪಾಲನ ಮುಖ. ಗಲ್ಲದ ಮೇಲಿನ ಗಾಯದ ಗುರುತೂ ಬಿಟ್ಟುಹೋಗಿರಲಿಲ್ಲ.

ವಾರ ಕಳೆಯುವಷ್ಟರಲ್ಲಿ ಊರಿನ ಅರ್ಧಕ್ಕರ್ಧ ಮನೆಗಳಿಗೆ ಕಾರ್ಡ್ ಬಂತು. ಮಕ್ಕಳು ಬಸ್ಸು ಹತ್ತಲು ಅಳತೊಡಗಿದರು. ಆಟದ ವಿಷಯ ತಿಳಿದಿದ್ದರೂ ತಾಯಂದಿರು ಅವನನ್ನು ಕಂಡರೆ ಮಗುವಿನ ಕೈ ಬಿಗಿಹಿಡಿಯುತ್ತಿದ್ದರು. ಕೊನೆಗೆ ಮುಖ್ಯೋಪಾಧ್ಯಾಯರು ಕೆಲವು ದಿನ ಮನೆಯಲ್ಲಿರುವಂತೆ ಮೆಲ್ಲಗೆ ಹೇಳಿದರು.

ಶ್ರೀಪಾಲ ಕಾರ್ಡ್ ರೂಪಿಸಿದ ವಿಜ್ಞಾನಿ ಕೇತಕಿ ಹುನಸಗಿಯ ಬಳಿ ಹೋದ. ಆಕೆ ಪರಿಶೀಲಿಸಿ ಕಾರಣ ವಿವರಿಸಿದಳು. ಮನುಷ್ಯನ ಮುಖ ಹೇಗಿರುತ್ತದೆಂದು ಕಾರ್ಡಿಗೆ ಕಲಿಸಲು ಹಿಂದಿನ ವರ್ಷ ಕೆಲವರ ಚಿತ್ರ ತೆಗೆದಿದ್ದರು. ಅವರಲ್ಲಿ ಶ್ರೀಪಾಲನೂ ಒಬ್ಬ. ಎಲ್ಲಕ್ಕಿಂತ ಸ್ಪಷ್ಟವಾಗಿ ಬಂದಿದ್ದ ಅವನ ಮುಖವನ್ನೇ ಕಾರ್ಡ್ ಹಿಡಿದುಕೊಂಡಿತ್ತು.

“ಹಂಗಾದ್ರ ಮೊದಲಿನಂಗ ಚುಕ್ಕಿನ ಇರಲಿ ಬಿಡ್ರಿ,” ಎಂದ ಶ್ರೀಪಾಲ.

“ಖಾಲಿ ಬಿಡೂದು ಅದಕ್ಕ ಗೊತ್ತಿಲ್ಲರಿ. ಯಾರದರ ಮುಖ ಕೊಡಬೇಕು.”

ಒಬ್ಬನೇ ಮನುಷ್ಯನ ಮೇಲೆ ಭಾರ ಬೀಳದಂತೆ ಕೇತಕಿ ದಾರಿಯೊಂದನ್ನು ಹುಡುಕಿದಳು. ಇನ್ನು ಮುಂದೆ ಪ್ರತಿ ಕಾರ್ಡೂ ತಾನಿರುವ ಮನೆಯ ಕಂಪ್ಯೂಟರಿನ ಕ್ಯಾಮೆರಾಕ್ಕೆ ಕಂಡ ಮುಖಗಳಿಂದಲೇ ಆಯ್ದುಕೊಳ್ಳಬೇಕು. ಆಗ ಕಳ್ಳ ಮನೆಮನೆಗೂ ಬೇರೆಯಾಗುತ್ತಾನೆ. ಶ್ರೀಪಾಲ ಮುಂದಿನದನ್ನು ಯೋಚಿಸಲಿಲ್ಲ. ತನ್ನ ಮುಖ ತನಗೆ ಮರಳುತ್ತದೆಂಬುದೇ ಅವನಿಗೆ ಸಾಕಾಗಿತ್ತು. ಆ ರಾತ್ರಿಯೇ ಎಲ್ಲ ಕಾರ್ಡ್‌ಗಳಿಗೂ ತಿದ್ದುಪಡಿ ತಲುಪಿತು.

ಕೆಲವು ದಿನಗಳಲ್ಲೇ ಅವನು ಮತ್ತೆ ಬಸ್ಸು ಹೊರಡಿಸಿದ. ಮಕ್ಕಳು ಮೊದಲಿನಂತೆ ಮಾಮಾ ಎಂದು ಕರೆಯುತ್ತ ಹತ್ತಿದರು. ಅವನ ಕಣ್ಣು ತುಂಬಿ ಬಂತು.

ಸಂಜೆ ಮೊದಲ ನಿಲ್ದಾಣದಲ್ಲಿ ಒಂದನೇ ತರಗತಿಯ ಪದ್ಮಜಾ ಇಳಿಯಲಿಲ್ಲ. ಕೆಳಗೆ ಅವಳ ತಂದೆ ನಗುತ್ತ ಕೈ ಚಾಚಿ ನಿಂತಿದ್ದ. ಹುಡುಗಿ ಹಿಂದೆ ಸರಿದು ಶ್ರೀಪಾಲನ ಅಂಗಿ ಹಿಡಿದುಕೊಂಡಳು.

“ಮಾಮಾ, ನನ್ನ ಅವನ ಕೈಯಾಗ ಕೊಡಬ್ಯಾಡ್ರಿ,” ಎಂದು ಪಿಸುಗುಟ್ಟಿದಳು.

ಅಪ್ಪನ ನಗು ಹಾಗೆಯೇ ಉಳಿದು, ನಿಧಾನಕ್ಕೆ ಮಾಸಿತು. ಶ್ರೀಪಾಲ ಕನ್ನಡಿಯತ್ತ ಕಣ್ಣು ಹಾಯಿಸಿದ. ಹಿಂದಿನ ಸೀಟುಗಳಲ್ಲಿ ಮಕ್ಕಳು ಒಬ್ಬರಿಗೊಬ್ಬರು ಅಂಟಿ ಕುಳಿತಿದ್ದರು. ಎಲ್ಲರೂ ಕಿಟಕಿಯಾಚೆ, ತಂತಮ್ಮ ಮನೆಯ ದಾರಿ ನೋಡುತ್ತಿದ್ದರು.