ಮೂರನೇ ಕ್ಯಾಮೆರಾದ ಹನ್ನೊಂದು ಸೆಕೆಂಡು

ಮೂರನೇ ಕ್ಯಾಮೆರಾದ ಕಾರ್ಡು ಖಾಲಿಯಿತ್ತು.

ಅತ್ತಿಗೆ ಅದನ್ನು ತೆಗೆದಳು, ಉಫ್ ಎಂದು ಊದಿದಳು, ಮತ್ತೆ ಹಾಕಿದಳು. ಪರದೆ ಬೋಳು. ಬೆಳಗಿನ ಕಛೇರಿ ಮುಗಿದು ಇನ್ನೂ ಒಂದು ಗಂಟೆಯಾಗಿಲ್ಲ. ಅದು ಎಂಬತ್ತು ದಾಟಿದ ಪಿಟೀಲು ಅಜ್ಜನ ಕೊನೆಯ ಕಛೇರಿ. ಇನ್ನು ವೇದಿಕೆ ಹತ್ತುವುದಿಲ್ಲ ಎಂದು ಅವರೇ ಹೇಳಿಬಿಟ್ಟಿದ್ದರು. ಸಂಗೀತೋತ್ಸವದ ಡಿಸ್ಕನ್ನು ಜನ ಮನೆಗೆ ಒಯ್ಯುವುದೇ ಆ ಬೆರಳುಗಳನ್ನು ಹತ್ತಿರದಿಂದ ನೋಡಲು. ಅವು ಇದ್ದದ್ದು ಮೂರನೇ ಕ್ಯಾಮೆರಾದಲ್ಲಿ ಮಾತ್ರ; ಒಂದನೆಯದು ದೂರದಲ್ಲಿತ್ತು, ಎರಡನೆಯದು ಸಭಿಕರತ್ತ ತಿರುಗಿತ್ತು.

ಅದನ್ನು ಹೊತ್ತವನು ಅವಳ ಮೈದುನ. ಅವನ ಬಾಯಿಂದ ಕೇಳಿ ಕೇಳಿ ಇಡೀ ತಂಡಕ್ಕೇ ಈ ಎಡಿಟರ್ 'ಅತ್ತಿಗೆ'ಯಾಗಿದ್ದಳು. ಅವನನ್ನು ಕರೆಯುವುದು ಬೆಕ್ಕು ಎಂದು. ಇಪ್ಪತ್ತು ವರ್ಷ ಸಭಾಂಗಣಗಳಲ್ಲಿ ಓಡಾಡಿದರೂ ಅವನ ಹೆಜ್ಜೆ ಒಂದು ಮೈಕಿಗೂ ಸಿಕ್ಕಿದ್ದಿಲ್ಲ.

"ಬಟನ್ ಒತ್ತೋದೇ ಮರೆತಿದಾನೆ ನಿಮ್ಮ ಬೆಕ್ಕು!" ನಿರ್ಮಾಪಕ ಕೂಗಿದ. ಕೋಟಿನ ಜೇಬಿನಲ್ಲಿ ಎರಡೆರಡು ಪೆನ್ನು. ಲೆನ್ಸನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ಗೊತ್ತಿಲ್ಲ. "ಇಲ್ಲಾ ಯಾರಿಗೋ ಮಾರ್ಕೊಂಡಿದಾನೆ. ಐದು ಗಂಟೆಯೊಳಗೆ ಕಾರ್ಡ್ ಬರ್ಲಿಲ್ಲ ಅಂದ್ರೆ ಪೊಲೀಸ್. ಆಮೇಲೆ ಯಾವ ಹಾಲ್ ಒಳಗೆ ಕಾಲಿಡ್ತಾನೋ ನೋಡ್ತೀನಿ!"

ಬೆಕ್ಕು ಗೋಡೆಗೆ ಒರಗಿ ನಿಂತಿದ್ದ.

"ಒತ್ತಿದ್ದೆ," ಅಂದ. ಅಷ್ಟೇ.

"ಇನ್ನೇನಾದ್ರೂ ಬೊಗಳೋ!" ಅತ್ತಿಗೆ ಸಿಡಿದಳು.

"ಬೆಕ್ಕು ಬೊಗಳಲ್ಲ ಅತ್ತಿಗೆ."

*

ಅವಳು ಒಂದನೇ ಕ್ಯಾಮೆರಾದ ಚಿತ್ರ ಹಾಕಿದಳು. ಹಿಂದಿನ ಸಾಲಿನಿಂದ ಇಡೀ ವೇದಿಕೆ ಕಾಣುತ್ತಿತ್ತು. ಎಡ ಅಂಚಿನಲ್ಲಿ ಬೆಕ್ಕು. ಅವನ ಕ್ಯಾಮೆರಾದ ನೆತ್ತಿಯಲ್ಲಿ ಕೆಂಪು ದೀಪ. ಚಿತ್ರ ದಾಖಲಾಗುತ್ತಿದ್ದರೆ ಮಾತ್ರ ಉರಿಯುವ ದೀಪ ಅದು. ಮೊದಲ ಸ್ವರದಿಂದ ಕೊನೆಯ ಚಪ್ಪಾಳೆಯವರೆಗೆ ಅದು ಆರಲೇ ಇಲ್ಲ.

ಅಂದರೆ ಕಾರ್ಡು ಬದಲಾಗಿದೆ.

ತುಂಬಿದ ಕಾರ್ಡಿಗೆ ಕೆಂಪು ಪಟ್ಟಿ ಅಂಟಿಸಿ ನಂಬರು ಬರೆಯುವುದು ತಂಡದ ಪದ್ಧತಿ. ಖಾಲಿ ಕಾರ್ಡಿನ ಮೇಲೂ ಕೆಂಪು ಪಟ್ಟಿಯಿತ್ತು, '೩' ಎಂದಿತ್ತು. ಅತ್ತಿಗೆ ಉಗುರು ಹಾಕಿದಳು. ಪಟ್ಟಿ ಏಳಲಿಲ್ಲ. ಮತ್ತೆ ಕೆರೆದಳು. ಅಲ್ಲೇ ಅವಳ ಕೈ ನಿಂತಿತು. ಕತ್ತಲಲ್ಲಿ ಕಿತ್ತು ಅಭ್ಯಾಸವಾದ ತಂಡದವರು, ಬೆರಳಿಗೆ ಸಿಗಲೆಂದು, ಪಟ್ಟಿಯ ಒಂದು ಮೂಲೆ ಮಡಚದೆ ಅಂಟಿಸುವುದಿಲ್ಲ. ಇದು ಗೋಡೆಗೆ ಬಳಿದ ಸುಣ್ಣದಂತೆ ಸಪಾಟು.

ಕೊನೆಗೂ ಕಿತ್ತಳು. ಅಂಟಿನ ಮೇಲೆ ಬಿಳಿ ಪುಡಿ. ಮೂಸಿದರೆ ಮರದ ಗೋಂದಿನ ವಾಸನೆ.

ಅವಳು ಪಟ್ಟಿಯನ್ನು ಪಕ್ಕಕ್ಕಿಟ್ಟಳು. ಧ್ವನಿಯನ್ನು ಚಿತ್ರಕ್ಕೆ ಜೋಡಿಸುತ್ತ ಕೂತಳು. ಕೊನೆಯ ರಾಗದಲ್ಲಿ ಒಮ್ಮೆಲೇ ಎರಡೂ ಬೇರೆಯಾದವು. ಅಜ್ಜನ ಕಮಾನು ಬಸವನಹುಳುವಿನಂತೆ ತೆವಳುತ್ತಿದೆ, ಸ್ವರಗಳು ಜಿಂಕೆಮರಿಯಂತೆ ಹಾರುತ್ತಿವೆ.

"ಏ ಕಿವಿ! ನಿನ್ನ ಧ್ವನಿ ಜಾರಿದೆ. ನೀನೂ ಏನಾದ್ರೂ ಕೈಯಾಡಿಸಿದೀಯಾ?"

ಕಿವಿ ಎಂದರೆ ಧ್ವನಿಮುದ್ರಕ. ಓಡಿ ಬಂದ. "ನನ್ನ ತಲೆ ಹೋದ್ರೂ ಧ್ವನಿ ಜಾರಲ್ಲ. ಮುಂದಕ್ಕೆ ಬಿಡಿ, ನೋಡಿ."

ಮುಂದಕ್ಕೆ ಬಿಟ್ಟಳು. ಹನ್ನೊಂದು ಸೆಕೆಂಡಾದ ಮೇಲೆ ಕೈಯೂ ಸ್ವರವೂ ಮತ್ತೆ ಒಂದಾದವು. ಜಾರಿದ ಧ್ವನಿ ಜಾರುತ್ತಲೇ ಹೋಗುತ್ತದೆ. ತಾನಾಗಿ ಹಿಂದಿರುಗಿ ಬರುವುದಿಲ್ಲ.

ಅತ್ತಿಗೆ ಕಿತ್ತಿಟ್ಟ ಪಟ್ಟಿಯನ್ನು ಮತ್ತೊಮ್ಮೆ ಮೂಸಿದಳು.

*

ಐದಕ್ಕೆ ಹತ್ತು ನಿಮಿಷ. ಕಲಾವಿದರ ಕೋಣೆ. ಅತ್ತಿಗೆಯ ಹಿಂದೆ ನಿರ್ಮಾಪಕ, ಬೆಕ್ಕು, ಕಿವಿ. ಕಛೇರಿ ಮುಗಿದ ಮೇಲೆ ಕಾರ್ಡುಗಳ ಪೆಟ್ಟಿಗೆ ಇದ್ದದ್ದು ಇದೇ ಮೇಜಿನ ಮೇಲೆ; ಖಾಲಿ ಕಾರ್ಡು, ಕೆಂಪು ಪಟ್ಟಿಯ ಸುರುಳಿ ಎಲ್ಲ ಅದರಲ್ಲೇ.

"ನಿಮ್ಮ ಬಲಗೈ ತೋರಿಸ್ತೀರಾ?" ಅತ್ತಿಗೆ ಕೇಳಿದಳು.

ಕೇಳಿದ್ದು ಅಜ್ಜನ ಶಿಷ್ಯೆಯನ್ನು. ಹದಿನೆಂಟು ವರ್ಷದಿಂದ ಅವರ ಭುಜದ ಹಿಂದೆ ಕೂತು ಎರಡನೇ ಪಿಟೀಲು ನುಡಿಸುವ ಹೆಂಗಸು. ಬೆರಳ ತುದಿಗಳಲ್ಲಿ ಬಿಳಿ ಪುಡಿ.

"ರಾಳ. ಕಮಾನಿಗೆ ಉಜ್ಜೋದು. ನಮ್ಮ ಕಾರ್ಡಿನ ಅಂಟಿನಲ್ಲೂ ಅದೇ ಇದೆ. ಪಟ್ಟಿಯ ಮೂಲೆ ಮಡಚಿಲ್ಲ, ಹಾಗಾಗಿ ನಮ್ಮವರಲ್ಲ. ಅಜ್ಜನ ಬೆರಳು ಹನ್ನೊಂದು ಸೆಕೆಂಡು ನಿಂತಿತ್ತು. ಸಂಗೀತ ನಿಲ್ಲಲಿಲ್ಲ. ಆಗ ನುಡಿಸಿದ್ದು ನೀವು. ಒಂದನೇ ಕ್ಯಾಮೆರಾಗೆ ನೀವು ಅವರ ಮರೆಯಲ್ಲಿದ್ರಿ. ನಿಮ್ಮನ್ನ ನೋಡಿದ್ದು ಬೆಕ್ಕು ಒಬ್ಬನೇ."

ಶಿಷ್ಯೆ ಪಿಟೀಲಿನ ಪೆಟ್ಟಿಗೆ ತೆರೆದಳು. ರಾಳದ ಡಬ್ಬಿಯ ಕೆಳಗೆ ಕಾರ್ಡು.

"ಸಾವಿರ ಮನೇಲಿ ಸಾವಿರ ಸಲ ತಿರುಗಿಸಿ ನೋಡ್ತಾರೆ, 'ಇಲ್ಲೇ ನೋಡು, ಇಲ್ಲೇ ನಿಂತದ್ದು' ಅಂತ," ಎಂದಳು. "ಅವರ ಕೊನೆಯ ಕಛೇರಿ. ನನ್ನಿಂದ ಅದನ್ನ ತಡ್ಕೊಳ್ಳೋಕಾಗ್ಲಿಲ್ಲ. ನಿಮ್ಮ ಹುಡುಗನ ಕೆಲಸ ಹೋಗತ್ತೆ ಅಂತ ನಾನು ಯೋಚಿಸ್ಲೇ ಇಲ್ಲ. ತಪ್ಪಾಯ್ತು."

"ಹಾಕಿ, ನೋಡೋಣ."

ಎಲ್ಲರೂ ತಿರುಗಿದರು. ಬಾಗಿಲಲ್ಲಿ ಅಜ್ಜ.

ಅತ್ತಿಗೆ ಜೊತೆಗೆ ತಂದಿದ್ದ ಲ್ಯಾಪ್‌ಟಾಪಿಗೆ ಕಾರ್ಡು ಹಾಕಿದಳು. ಪರದೆಯಲ್ಲಿ ಅಜ್ಜನ ಬೆರಳುಗಳು ಓಡುತ್ತಿದ್ದವು. ಕಿರುಬೆರಳು ತಟ್ಟನೆ ಕಲ್ಲಾಯಿತು. ಅರೆ ಉಸಿರು ಕಳೆದಿರಲಿಲ್ಲ, ಚಿತ್ರ ಮೆಲ್ಲಗೆ ಭುಜ ದಾಟಿ ಹಿಂದಿನ ಬೆರಳುಗಳ ಮೇಲೆ ನಿಂತಿತು. ಅವು ತಂತಿಯ ಮೇಲೆ ಬೆಂಕಿಯಂತೆ ಓಡಿದವು. ಅಜ್ಜನ ಬೆರಳಿಗೆ ಜೀವ ಬಂದೊಡನೆ ಚಿತ್ರ ಮರಳಿತು. ಒಂದಿಷ್ಟೂ ಕುಲುಕಿಲ್ಲ.

"ನಿಂಗೆ ಗೊತ್ತಿತ್ತು!" ಅತ್ತಿಗೆ ಮೈದುನನತ್ತ ತಿರುಗಿದಳು. "ಪೊಲೀಸ್ ಅಂದ್ರೂ ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಲ್ಲೋ ಪುಣ್ಯಾತ್ಮ!"

"ಬಾಯಿ ಬಿಟ್ಟಿದ್ರೆ ಅಜ್ಜನ ಬೆರಳು ಊರ ಬಾಯಿಗೆ ಬೀಳ್ತಿತ್ತು."

ಅಜ್ಜ ಶಿಷ್ಯೆಯ ಎದುರು ಕುರ್ಚಿ ಎಳೆದು ಕೂತರು. "ಸತ್ತಿದ್ದು ಬೆರಳು ಮಗಳೇ, ಕಿವಿಯಲ್ಲ. ನಾನು ನುಡಿಸದ ಸ್ವರ ನಂಗೆ ಕೇಳಿಸಲ್ವಾ? ಹದಿನೆಂಟು ವರ್ಷ ಕಲಿಸಿದ್ದು ನಿಂಗೆ ಬಂತಾ ಅಂತ ಕಾಯ್ತಿದ್ದೆ. ಬಂದಿದ್ದು ಆ ಹನ್ನೊಂದು ಸೆಕೆಂಡಲ್ಲಿ. ಅದನ್ನೇ ಕದ್ದೆಯಾ?"

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಒಂದು ಚೂರೂ ಕತ್ತರಿಸಬೇಡಮ್ಮ," ಅಜ್ಜ ಅತ್ತಿಗೆಗೆ ಹೇಳಿದರು. ಆಮೇಲೆ ನಿರ್ಮಾಪಕನತ್ತ ನೋಡಿದರು. "ನೀವು ಯಾರಿಗೋ ಏನೋ ಹೇಳೋದು ಬಾಕಿ ಇದೆ."

ನಿರ್ಮಾಪಕ ಕೋಟಿನೊಳಗೇ ಗೊಣಗಿದ.

"ಕೇಳಿಸ್ಲಿಲ್ಲ," ಎಂದು ಕಿವಿ ಮೈಕು ಚಾಚಿದ.

"ಕ್ಷಮಿಸಪ್ಪ." ಈ ಸಲ ಕೋಣೆಗೆಲ್ಲ ಕೇಳಿಸಿತು.

ಬೆಕ್ಕಿಗೆ ಅದರ ಪರಿವೆಯೇ ಇರಲಿಲ್ಲ. ಪರದೆಯತ್ತ ಬಾಗಿ ನಿಂತಿದ್ದ.

"ಅತ್ತಿಗೆ, ಭುಜ ದಾಟುವಾಗ ಫೋಕಸ್ ಸರಿಯಿತ್ತಾ?"

ಅವಳು ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ನೋಡಿದಳು. ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಇತ್ತು ಕಣೋ," ಅಂದಳು.